ಮೂತ್ರಕೋಶದ ನೋವು ಉಲ್ಬಣಿಸಿದ ದಿನಗಳನ್ನು ಹೇಗೆ ಕಳೆಯುತ್ತೀರಿ?

ಪ್ರಶ್ನೆ: ನನಗಿರುವುದು ಇಂಟರ್‌ಸ್ಟಿಶಿಯಲ್ ಸಿಸ್ಟೈಟಿಸ್, ಅಂದರೆ ಮೂತ್ರಕೋಶದ ದೀರ್ಘಕಾಲದ ನೋವು, ಎಂದು ವೈದ್ಯರು ಹೇಳಿ ಎಂಟು ತಿಂಗಳಾಯಿತು. ವಾರಗಟ್ಟಲೆ ಹಗುರವಾಗಿರುತ್ತದೆ, ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಉರಿ, ಕಿಬ್ಬೊಟ್ಟೆಯ ಒತ್ತಡ, ಕಾಲು ಗಂಟೆಗೊಮ್ಮೆ ಶೌಚಾಲಯಕ್ಕೆ ಓಡುವ ಅವಸರ ಎಲ್ಲವೂ ಮರಳುತ್ತವೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಮೊದಲ ಉತ್ತರ: ಆ ಕಾಲು ಗಂಟೆಯ ಮಾತನ್ನು ಓದಿದಾಗ ನನ್ನ ಮೊದಲ ವರ್ಷಗಳು ಕಣ್ಣ ಮುಂದೆ ಬಂದವು. ನನಗೆ ಈ ನೋವು ಅಂಟಿಕೊಂಡು 12 ವರ್ಷಗಳಾದವು. ಆರಂಭದಲ್ಲಿ ಉರಿ ಕಾಣಿಸಿದೊಡನೆ ಅದು ಸೋಂಕೇ ಇರಬೇಕೆಂದು ಭಾವಿಸಿ, ಹಳೆಯ ಚೀಟಿಯನ್ನೇ ತೋರಿಸಿ ಆಂಟಿಬಯೋಟಿಕ್ ತಂದು ನುಂಗುತ್ತಿದ್ದೆ. ಮೂರು ನಾಲ್ಕು ದಿನಗಳಲ್ಲಿ ಉರಿ ಇಳಿಯುತ್ತಿತ್ತು, ಮಾತ್ರೆಯಿಂದಲೇ ಇಳಿಯಿತೆಂದು ನಂಬುತ್ತಿದ್ದೆ. ಒಮ್ಮೆ ವೈದ್ಯರು ಮಾತ್ರೆ ಕೊಡುವ ಮೊದಲು ಯೂರಿನ್ ಕಲ್ಚರ್, ಅಂದರೆ ಮೂತ್ರದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆ, ಮಾಡಿಸಿದರು. ಯಾವ ಬ್ಯಾಕ್ಟೀರಿಯಾವೂ ಬೆಳೆದಿರಲಿಲ್ಲ, ಮಾತ್ರೆಯಿಲ್ಲದೆಯೂ ಉರಿ ನಾಲ್ಕನೆಯ ದಿನಕ್ಕೆ ಇಳಿಯಿತು. ಉಲ್ಬಣವು ಕೆಲವರಲ್ಲಿ ಕೆಲವೇ ಗಂಟೆ, ಕೆಲವರಲ್ಲಿ ವಾರಗಳವರೆಗೆ ಇದ್ದು ತಾನಾಗಿಯೇ ತಗ್ಗುವುದುಂಟು. ತಗ್ಗುವ ಹೊತ್ತಿಗೆ ಯಾವ ಔಷಧ ನಡೆಯುತ್ತಿರುತ್ತದೆಯೋ ಅದಕ್ಕೆ ಹೆಸರು ಬರುತ್ತದೆ. ಅಷ್ಟು ವರ್ಷ ಬೇಡದ ಔಷಧ ನುಂಗಿದ ಬೇಸರ ನನಗೆ ಇಂದಿಗೂ ಇದೆ.

ಹಾಗೆಂದು ನಮಗೆ ಸೋಂಕು ತಗಲುವುದೇ ಇಲ್ಲವೆಂದು ತಿಳಿಯಬಾರದು. ಎರಡರ ಲಕ್ಷಣಗಳೂ ಒಂದೇ ತೆರನಾಗಿರುವುದರಿಂದಲೇ ಕಲ್ಚರ್ ಬೇಕು. ಜ್ವರ, ಚಳಿ, ಪಕ್ಕೆಯಲ್ಲಿ ನೋವು ಅಥವಾ ಮೂತ್ರದಲ್ಲಿ ರಕ್ತ ಕಂಡರೆ ವರದಿಗಾಗಿಯೂ ಕಾಯದೆ ವೈದ್ಯರಲ್ಲಿಗೆ ಹೋಗಿ. ಇನ್ನೊಂದು ಮಾತು: ಉರಿ ತಗ್ಗಿಸುವ ಫೆನಜೋಪಿರಿಡಿನ್ ಮಾತ್ರೆಯನ್ನು ವೈದ್ಯರು ಬರೆದುಕೊಟ್ಟಿದ್ದರೆ, ಅದನ್ನು ನುಂಗುವ ಮೊದಲೇ ಮೂತ್ರದ ಮಾದರಿಯನ್ನು ಕೊಟ್ಟುಬಿಡಿ. ಅದು ಮೂತ್ರವನ್ನು ಕಿತ್ತಳೆ ಬಣ್ಣಕ್ಕೆ ತಿರುಗಿಸುತ್ತದೆ, ಬಣ್ಣ ನೋಡಿ ಹೇಳುವ ಪಟ್ಟಿಯ ಪರೀಕ್ಷೆ ಆಗ ತಪ್ಪಬಹುದು.

ಎರಡನೆಯ ಉತ್ತರ: ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ. ನನ್ನ ಅನುಭವದಲ್ಲಿ ನೋವನ್ನು ಎಳೆದು ಉದ್ದ ಮಾಡುತ್ತಿದ್ದುದು ಮೂತ್ರಕೋಶಕ್ಕಿಂತ ಹೆಚ್ಚಾಗಿ ಅದರ ಕೆಳಗಿನ ಸ್ನಾಯುಗಳು. ಬೇಗ ಗುಣವಾಗಲೆಂದು ನಾನು ದಿನಕ್ಕೆ ಮೂರು ಬಾರಿ ಕೆಗೆಲ್ ವ್ಯಾಯಾಮ, ಅಂದರೆ ಆ ಸ್ನಾಯುಗಳನ್ನು ಬಿಗಿದು ಬಿಡುವ ವ್ಯಾಯಾಮ, ಮಾಡುತ್ತಿದ್ದೆ, ಮಾಡಿದಷ್ಟೂ ನೋವು ಹೆಚ್ಚುತ್ತಿತ್ತು. ಈ ಸ್ನಾಯುಗಳ ಚಿಕಿತ್ಸೆಯಲ್ಲಿ ಪಳಗಿದ ಫಿಸಿಯೋಥೆರಪಿಸ್ಟ್ ಒಬ್ಬರು ಪರೀಕ್ಷಿಸಿ, ಅವು ಈಗಾಗಲೇ ಮುಷ್ಟಿಯಂತೆ ಬಿಗಿದುಕೊಂಡಿವೆ, ಇನ್ನಷ್ಟು ಬಿಗಿಯುವುದನ್ನು ಬಿಟ್ಟು ಸಡಿಲಿಸುವುದನ್ನು ಕಲಿಯಬೇಕು ಎಂದರು. ಮೂತ್ರರೋಗ ತಜ್ಞರ ಸಂಘವಾದ ಅಮೆರಿಕನ್ ಯೂರಲಾಜಿಕಲ್ ಅಸೋಸಿಯೇಷನ್ 2011ರಲ್ಲಿ ಹೊರತಂದ ಮಾರ್ಗಸೂಚಿಯೂ ಈ ಸ್ನಾಯುಗಳಲ್ಲಿ ನೋವಿರುವವರಿಗೆ ಬಲವರ್ಧನೆಯ ವ್ಯಾಯಾಮ ಬೇಡವೆಂದೇ ಹೇಳುತ್ತದೆ.

ಈಗ ಉರಿ ಶುರುವಾದರೆ ಬಟ್ಟೆ ಸುತ್ತಿದ ಬಿಸಿನೀರಿನ ಚೀಲವನ್ನು ಕಿಬ್ಬೊಟ್ಟೆಯ ಮೇಲಿಟ್ಟು, ಮೊಣಕಾಲು ಮಡಚಿ ಅಂಗಾತ ಮಲಗುತ್ತೇನೆ. ಉಸಿರು ಒಳಗೆಳೆದಾಗ ಹೊಟ್ಟೆ ಉಬ್ಬಿ ಕೆಳಗಿನ ಬಿಗಿತ ತುಸು ಬಿಡುವುದು ಗಮನಕ್ಕೆ ಬರುವವರೆಗೆ ಏಳುವುದಿಲ್ಲ. ಮೊದಲ ಹತ್ತು ನಿಮಿಷ ಏನೂ ಆಗುವುದಿಲ್ಲ. ನಂತರ ಹಲ್ಲು ಕಚ್ಚಿಕೊಂಡಿರುವುದು ತಿಳಿಯುತ್ತದೆ, ದವಡೆಯನ್ನು ಬಿಟ್ಟಾಗ ಕೆಳಗೂ ಸಡಿಲವಾಗುತ್ತದೆ. ಕೆಲವರಿಗೆ ಬಿಸಿಗಿಂತ ತಣ್ಣನೆಯ ಪಟ್ಟಿ ಹಿತವಾಗುತ್ತದೆ, ಎರಡನ್ನೂ ಪ್ರಯತ್ನಿಸಿ.

ಮೂರನೆಯ ಉತ್ತರ: ನಾನು ಗಂಡಸು. ನಮ್ಮಲ್ಲಿ ಈ ನೋವನ್ನು ಮೊದಲು ಪ್ರಾಸ್ಟೇಟ್ ಗ್ರಂಥಿಯ ಉರಿಯೂತವೆಂದೇ ಭಾವಿಸುವುದು ಸಾಮಾನ್ಯ, ನನಗೂ ಹಾಗೆಯೇ ಆಯಿತು. ಆಹಾರದ ಬಗ್ಗೆ ಮಾತ್ರ ಹೇಳುತ್ತೇನೆ. ಕಾಫಿ, ಮದ್ಯ, ಹುಳಿ ಹಣ್ಣು, ಟೊಮೆಟೊ, ಕೃತಕ ಸಿಹಿ ಇವು ಹಲವರಿಗೆ ಆಗುವುದಿಲ್ಲ, ಆದರೆ ಎಲ್ಲರಿಗೂ ಎಲ್ಲವೂ ಆಗದೆಂದಿಲ್ಲ. ನಾನು ಭಯದಿಂದ ಎಲ್ಲವನ್ನೂ ಬಿಟ್ಟು ಆರು ಕಿಲೋ ಇಳಿದೆ. ಕೊನೆಗೆ ಮೂರು ದಿನಕ್ಕೊಂದರಂತೆ ಮರಳಿ ಸೇರಿಸುತ್ತ ಪುಸ್ತಕದಲ್ಲಿ ಬರೆದಿಟ್ಟಾಗ ಕಾಫಿಯೊಂದೇ ಸಿಕ್ಕಿಬಿದ್ದಿತು, ಟೊಮೆಟೊ ನಿರಪರಾಧಿ. ಓಡಾಟ ತಪ್ಪಲೆಂದು ನೀರನ್ನು ಮಾತ್ರ ಕಡಿಮೆ ಮಾಡಬೇಡಿ, ಗಟ್ಟಿಯಾದ ಮೂತ್ರ ಇನ್ನಷ್ಟು ಉರಿಸುತ್ತದೆ. ದಿನವಿಡೀ ಗುಟುಕು ಗುಟುಕಾಗಿ ಕುಡಿಯುವುದು ನನಗೆ ಒಗ್ಗಿದೆ.