ಹಳೇ ನೆಲಹಂಚಿನ ಸೀಲರ್ ಬಿಳಿಚಿಕೊಂಡಿದೆ, ತೆಗೆಯುವುದು ಹೇಗೆ?

ಪ್ರಶ್ನೆ

ಬಂಟ್ವಾಳದ ಹತ್ತಿರ ನಮ್ಮ ಅಜ್ಜನ ಮನೆ ಇದೆ. ಚಾವಡಿಗೂ ಜಗಲಿಗೂ ಕೆಂಪು ಮಣ್ಣಿನ ನೆಲಹಂಚು ಹಾಸಿದ್ದಾರೆ. ಆರು ವರ್ಷದ ಹಿಂದೆ ಪೇಂಟಿಂಗ್‌ಗೆ ಬಂದವರು ನೆಲ ಹೊಳೆಯಲಿ ಅಂತ ಸೀಲರ್ (ಹಂಚಿನ ಮೈ ಮುಚ್ಚುವ ಲೇಪ) ಹೊಡೆದು ಹೋದರು. ಈಗ ಅಲ್ಲಲ್ಲಿ ಹಾಲು ಚೆಲ್ಲಿದ ಹಾಗೆ ಬಿಳಿ ಕಲೆ. ಓಡಾಡುವ ಕಡೆ ಸಿಪ್ಪೆ ಏಳುತ್ತಿದೆ. ಒಬ್ಬರು ಆಸಿಡ್ ಹಾಕಿ ತೊಳೆಯಿರಿ ಅನ್ನುತ್ತಾರೆ, ಇನ್ನೊಬ್ಬರು ಮಷಿನ್ ತರಿಸಿ ಉಜ್ಜಿಸಿ ಅನ್ನುತ್ತಾರೆ. ಮೂಲೆಯಲ್ಲಿ ಒಂದು ಹಂಚು ಸಡಿಲವಾಗಿದೆ. ಎತ್ತಿ ನೋಡಿದರೆ ಹಿಂಬದಿಯಲ್ಲಿ ಕಾರ್ಖಾನೆಯ ಹೆಸರು ಅಚ್ಚಾಗಿದೆ. ಇಂಥದ್ದು ಮತ್ತೆ ಸಿಗುವುದಿಲ್ಲ, ಹಾಳಾಗಬಾರದು.

ಉತ್ತರ

ದಯವಿಟ್ಟು ಎರಡೂ ಬೇಡ. ಆಸಿಡ್‌ಗೆ ಸೀಲರ್ ಜಗ್ಗುವುದಿಲ್ಲ, ಸಂದಿನ ಸುಣ್ಣದ ಗಾರೆ ಮಾತ್ರ ಕರಗಿ ಹೋಗುತ್ತದೆ. ಮಷಿನ್ ಹಾಕಿದರೆ ಹಂಚಿನ ಮೇಲಿನ ಚೆನ್ನಾಗಿ ಬೆಂದ ಗಟ್ಟಿ ಮೈ ಸವೆಯುತ್ತದೆ. ಆಮೇಲೆ ಒಳಗಿನ ಮೆತ್ತನೆ ಮೈಗೆ ಕೊಳೆ ಜಾಸ್ತಿ ಹಿಡಿಯುತ್ತದೆ.

1865ರಲ್ಲಿ ಬಾಸೆಲ್ ಮಿಷನ್ ಅನ್ನುವ ಕ್ರೈಸ್ತ ಮಿಷನರಿ ಸಂಸ್ಥೆಯವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದಾಗಿನಿಂದ ನಮ್ಮ ಕಡೆ ಹಂಚು ಅಂದರೆ ಹೊಳೆದಂಡೆಯ ಜೇಡಿಮಣ್ಣು. ಅದು ನೀರು ಕುಡಿಯುತ್ತದೆ, ಹಾಗೇ ಬಿಟ್ಟುಕೊಡುತ್ತದೆ. ಹಳೇ ಮನೆಗಳಲ್ಲಿ ನೆಲದಡಿ ಪ್ಲಾಸ್ಟಿಕ್ ಹಾಳೆ ಹಾಕಿರುವುದಿಲ್ಲ ಅಲ್ವಾ? ಮಳೆಗಾಲದ ತೇವ ಮೇಲೆ ಬರುತ್ತದೆ, ಸೀಲರ್ ಅದನ್ನು ತಡೆಯುತ್ತದೆ. ನಿಮ್ಮ ಬಿಳಿ ಕಲೆಗೆ ಬಹುಶಃ ಇದೇ ಕಾರಣ.

ಮೊದಲು ಮೇಲಿರುವುದು ಏನು ಅಂತ ಗೊತ್ತಾಗಲಿ. ಆ ಸಡಿಲ ಹಂಚಿನ ಮೇಲೇ ನೋಡಿ. ಹತ್ತಿಯನ್ನು ಥಿನ್ನರ್‌ನಲ್ಲಿ ಅದ್ದಿ ಒಂದು ನಿಮಿಷ ಇಡಿ. ಬೆರಳಿಗೆ ಅಂಟಂಟಾದರೆ ಅಕ್ರಿಲಿಕ್ (ಒಂದು ಬಗೆಯ ಪ್ಲಾಸ್ಟಿಕ್ ಲೇಪ), ಥಿನ್ನರ್‌ನಲ್ಲೇ ಬಿಡುತ್ತದೆ. ಉಗುರಿನಲ್ಲಿ ಕೆರೆದಾಗ ಮೇಣದ ಹಾಗೆ ಸುರುಳಿ ಬಂದರೆ ಅದು ಮೇಣದ ಲೇಪ, ಟರ್ಪೆಂಟೈನ್ ಸಾಕು. ಏನೂ ಆಗದಿದ್ದರೆ ಪಾಲಿಯುರೆಥೇನ್ ಅನ್ನುವ ಗಟ್ಟಿ ಲೇಪ ಇರಬಹುದು. ಅದಕ್ಕೆ ಪೇಂಟ್ ರಿಮೂವರ್ ಬೇಕು, ಸುಮ್ನೆ ಉಜ್ಜುತ್ತಾ ಕೂರಬೇಡಿ.

ಪ್ರಶ್ನೆ ಕೇಳಿದವರು

ಹತ್ತಿ ಅಂಟಿಕೊಂಡಿತು, ಎಳೆದರೆ ನೂಲು ಬಂತು. ಮುಂದೆ?

ಉತ್ತರ

ಒಳ್ಳೆಯದಾಯಿತು. ಹಳೇ ಪಂಚೆ ಹರಿದು ಥಿನ್ನರ್‌ನಲ್ಲಿ ಒದ್ದೆ ಮಾಡಿ. ಒಂದು ಸಲಕ್ಕೆ ನಾಲ್ಕೇ ಹಂಚಿನ ಮೇಲೆ ಹಾಸಿ, ಆರದಂತೆ ಮೇಲೆ ಪಾಲಿಥೀನ್ ಹಾಳೆ ಮುಚ್ಚಿ. ಹತ್ತು ಹದಿನೈದು ನಿಮಿಷ ಬಿಟ್ಟು ತೆಗೆದರೆ ಸೀಲರ್ ಬೆಲ್ಲದ ಪಾಕದ ಹಾಗೆ ಮೆತ್ತಗಾಗಿರುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ತಡ ಮಾಡಿದರೆ ಕರಗಿದ್ದು ಹಂಚಿನ ರಂಧ್ರಕ್ಕೆ ಇಳಿಯುತ್ತದೆ. ಎರಡು ಮೂರು ಸಲ ಮಾಡಬೇಕಾಗಬಹುದು. ಸ್ಟೀಲ್ ನಾರು ಬೇಡ, ಅದರ ಚೂರು ಉಳಿದು ತುಕ್ಕಿನ ಕಲೆ ಆಗುತ್ತದೆ.

ಕಿಟಕಿ ಬಾಗಿಲು ಪೂರ್ತಿ ತೆರೆದಿಡಿ. ದೇವರ ದೀಪ, ಗ್ಯಾಸ್ ಒಲೆ ಆರಿಸಿ, ಸ್ವಿಚ್ ಕೂಡ ಮುಟ್ಟಬೇಡಿ. ಥಿನ್ನರ್ ಹಬೆಗೆ ಒಂದು ಕಿಡಿ ಸಾಕು. ಒರೆಸಿದ ಬಟ್ಟೆ ಅಂಗಳದಲ್ಲಿ ಹರಡಿ ಒಣಗಲಿ. ಥಿನ್ನರ್ ವಾಸನೆ ಪೂರ್ತಿ ಹೋದ ಮೇಲೆ ವಾಷಿಂಗ್ ಸೋಡಾ ನೀರಲ್ಲಿ ಮೆತ್ತನೆ ಬ್ರಶ್ ಹಾಕಿ ತೊಳೆದು, ಎರಡು ಸಲ ಬರೀ ನೀರಿನಲ್ಲಿ ಒರೆಸಿ.

ಪ್ರಶ್ನೆ ಕೇಳಿದವರು

ಅರ್ಧ ಚಾವಡಿ ಮುಗಿಯಿತು. ಬಣ್ಣ ನೋಡಿ ಅಮ್ಮ ಕೂತುಬಿಟ್ಟರು, ಅವರು ಮದುವೆಯಾಗಿ ಬಂದಾಗಿನ ನೆಲ ಅಂತೆ. ಆದರೆ ಹಿಂದಿನ ಗೋಡೆ ಪಕ್ಕ ಬಿಳಿ ಹೋಗಿಲ್ಲ. ಒದ್ದೆಯಾದಾಗ ಮಾಯ, ಒಣಗಿದರೆ ಮತ್ತೆ ಬರುತ್ತದೆ. ಕೈಗೆ ಪುಡಿ ಹತ್ತುತ್ತದೆ.

ಉತ್ತರ

ಅದು ಸೀಲರ್ ಅಲ್ಲ, ತೇವದ ಜೊತೆ ಮೇಲೆ ಬಂದ ಉಪ್ಪು. ಒಣ ಬ್ರಶ್‌ನಲ್ಲಿ ಗುಡಿಸಿ ತೆಗೆಯಿರಿ, ನೀರು ಹಾಕಿದರೆ ಮತ್ತೆ ಒಳಗೆ ಹೋಗುತ್ತದೆ. ಆ ಗೋಡೆಯ ಹೊರಗೆ ಮಾಡಿನ ನೀರು ಬಿದ್ದು ನಿಲ್ಲುತ್ತಿದೆಯಾ ನೋಡಿ. ನಿಲ್ಲುತ್ತಿದ್ದರೆ ಮೊದಲು ಅಲ್ಲಿ ಚರಂಡಿ ಬಿಡಿಸಿ.

ಹೊಸ ಸೀಲರ್‌ಗೆ ಅವಸರ ಬೇಡ. ಒಂದು ಮಳೆಗಾಲ ಹಾಗೇ ಬಿಟ್ಟು, ಫೆಬ್ರವರಿ ಮಾರ್ಚ್‌ನಲ್ಲಿ ನೆಲಕ್ಕೆ ಪಾಲಿಥೀನ್ ಹಾಳೆ ಅಂಟಿಸಿ ಒಂದು ದಿನ ಬಿಡಿ. ಅಡಿಯಲ್ಲಿ ಬೆವರು ಕಾಣದಿದ್ದರೆ, ಮೇಲೆ ಪದರ ಕಟ್ಟದೆ ಒಳಕ್ಕೆ ಇಳಿಯುವ ಸಿಲೇನ್-ಸಿಲೋಕ್ಸೇನ್ ಬಗೆಯ ಸೀಲರ್ ತೆಳ್ಳಗೆ ಹಚ್ಚಿ, ಹೀರದೆ ಉಳಿದದ್ದನ್ನು ಒರೆಸಿಬಿಡಿ. ಹೊಳಪು ಬರುವುದಿಲ್ಲ, ಆದರೆ ತೇವದ ಹಬೆ ಹೊರಗೆ ಹೋಗುತ್ತದೆ.