ಉಪಗ್ರಹ ಚಿತ್ರವನ್ನು ಕುಗ್ಗಿಸಿದ ಮೇಲೆ ವಾಣಿವಿಲಾಸ ಸಾಗರದ ನೀರಿನ ಹರವು ಹಿಗ್ಗಿ ಕಾಣುತ್ತಿದೆ

ವೇದಾವತಿ_ದಡ (ಹಿರಿಯೂರು):
ಮಾನ್ಯರೇ, ಮಾರಿಕಣಿವೆಯ (ವಾಣಿವಿಲಾಸ ಸಾಗರದ) ಹಿನ್ನೀರು ವರ್ಷದಿಂದ ವರ್ಷಕ್ಕೆ ಎಲ್ಲಿಯವರೆಗೆ ಹರಡುತ್ತದೆ ಎಂಬುದನ್ನು ಸೆಂಟಿನೆಲ್-2 ಉಪಗ್ರಹದ ಚಿತ್ರಗಳಿಂದ ಗುರುತಿಸುವುದು ನನ್ನ ಹವ್ಯಾಸ. ಹಸಿರು ಮತ್ತು ಅವಕೆಂಪು ಬ್ಯಾಂಡುಗಳ (ಒಂದೊಂದು ಬಗೆಯ ಬೆಳಕನ್ನು ಅಳೆದ ಪದರಗಳ) ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿ, ಆ ಸೂಚ್ಯಂಕ 0.1ಕ್ಕಿಂತ ಹೆಚ್ಚು ಬಂದ ಪಿಕ್ಸೆಲನ್ನು ನೀರೆಂದು ಎಣಿಸುತ್ತೇನೆ. ಹಾರ್ಡ್ ಡಿಸ್ಕ್ ತುಂಬಿದ್ದರಿಂದ ಚಿತ್ರಗಳನ್ನು ಕುಗ್ಗಿಸಲು ಹೊರಟೆ. ಎಲ್‌ಝಡ್‌ಡಬ್ಲ್ಯೂ ಎಂಬ ನಷ್ಟರಹಿತ ಸಂಕೋಚನ ವಿಧಾನದಲ್ಲಿ ಉಳಿಸಿದರೆ ಕಡತವು ಕುಗ್ಗುವುದಿರಲಿ, ಮೊದಲಿಗಿಂತ ದೊಡ್ಡದಾಯಿತು. ಕೊನೆಗೆ ನಕಾಶೆ ತಂತ್ರಾಂಶವಾದ ಕ್ಯೂಜಿಐಎಸ್‌ನಲ್ಲಿ ಜೆಪೆಗ್ ಸಂಕೋಚನ ಆರಿಸಿದಾಗ ಕಡತ ಚಿಕ್ಕದಾಯಿತಾದರೂ ಜಲಾಶಯದ ಅಂಚು ಚೌಕಚೌಕವಾಗಿದೆ, ಜೋಗಿಮಟ್ಟಿಯ ಬೆಟ್ಟದ ನೆರಳುಗಳೂ ನೀರೆಂದು ಲೆಕ್ಕಕ್ಕೆ ಬರುತ್ತಿವೆ.

ಸೂಳೆಕೆರೆ_ಏರಿ (ಚನ್ನಗಿರಿ):
ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಕುಗ್ಗಿಸುತ್ತದೆ. ನಿಮಗೆ ಅಂಚಿನಲ್ಲಿ ಕಾಣುತ್ತಿರುವುದು ಆ ಚೌಕಗಳೇ. ಗುಣಮಟ್ಟವನ್ನು 75ರಿಂದ 95ಕ್ಕೆ ಏರಿಸಿ ನೋಡಿ.

ವೇದಾವತಿ_ದಡ:
ಏರಿಸಿದೆ. ಚೌಕಗಳು ಬಹುಮಟ್ಟಿಗೆ ಮಾಯವಾದವು, ಆದರೆ ನೆರಳುಗಳು ಈಗಲೂ ನೀರಾಗಿಯೇ ಉಳಿದಿವೆ. ಇನ್ನೊಂದು ವಿಚಿತ್ರವೆಂದರೆ, ಜಲಾಶಯದ ಉದ್ದಗಲಕ್ಕೂ ಸೂಚ್ಯಂಕದ ಬೆಲೆ ಹೆಚ್ಚುಕಡಿಮೆ 1 ಎಂದೇ ಬರುತ್ತಿದೆ. ನಾನು ಕೊಟ್ಟದ್ದು ಮೂರು ಬ್ಯಾಂಡ್, ಹೊಸ ಕಡತದಲ್ಲಿ ಇರುವುದು ನಾಲ್ಕು.

ನಕಾಶೆಗಾರ (ದಾವಣಗೆರೆ):
ಆ ನಾಲ್ಕನೆಯ ಬ್ಯಾಂಡಿನಿಂದಲೇ ರೋಗ ಯಾವುದೆಂದು ತಿಳಿಯುತ್ತದೆ. ಉಳಿಸುವಾಗ ನೀವು 'ರಾ ಡೇಟಾ' (ಮೂಲ ಅಂಕಿಗಳು) ಬದಲು 'ರೆಂಡರ್ಡ್ ಇಮೇಜ್' ಆರಿಸಿದ್ದೀರಿ. ಆ ನಾಲ್ಕನೆಯದು ಪಾರದರ್ಶಕತೆಯ ಬ್ಯಾಂಡ್. ಬಹುಶಃ ರಾ ಡೇಟಾದೊಂದಿಗೆ ಜೆಪೆಗ್ ಕೇಳಿದಾಗ ತಂತ್ರಾಂಶ ದೋಷ ತೋರಿಸಿರಬೇಕು, ಏಕೆಂದರೆ ಟಿಫ್ ಮಾದರಿಯ ಚಿತ್ರಕಡತದೊಳಗಿನ ಸಾಮಾನ್ಯ ಜೆಪೆಗ್‌ಗೆ 8 ಬಿಟ್ ಮಾತ್ರ ಹಿಡಿಸುತ್ತದೆ, ಸೆಂಟಿನೆಲ್ ಕಡತಗಳಲ್ಲಿರುವುದು 16 ಬಿಟ್‌ನ ಪೂರ್ಣಾಂಕಗಳು.

ರೆಂಡರ್ಡ್ ಎಂದರೆ ಪರದೆಯ ಮೇಲೆ ಚೆಂದ ಕಾಣಲೆಂದು ಬಣ್ಣ ಹಿಗ್ಗಿಸಿದ ಚಿತ್ರ. ಹಿಗ್ಗಿಸುವಾಗ ಅತಿ ಕಡಿಮೆ ಬೆಲೆಯ ಶೇ. 2ರಷ್ಟು ಪಿಕ್ಸೆಲ್‌ಗಳನ್ನು ಸಾಮಾನ್ಯವಾಗಿ ಸೊನ್ನೆಗೆ ತಳ್ಳಲಾಗುತ್ತದೆ. ನೀರು ಅವಕೆಂಪನ್ನು ಹೀರಿಕೊಳ್ಳುವುದರಿಂದ ಆ ಬ್ಯಾಂಡಿನಲ್ಲಿ ಅತಿ ಕಪ್ಪಾಗಿರುವುದೇ ನೀರು. ಸುಮಾರು 110 ಕಿ.ಮೀ. ಉದ್ದಗಲದ ಇಡೀ ಚಿತ್ರದಲ್ಲಿ ಮಾರಿಕಣಿವೆಯ ಪಾಲು ಶೇ. 1ನ್ನೂ ಮುಟ್ಟುವುದಿಲ್ಲ. ಹೀಗಾಗಿ ಜಲಾಶಯ ಪೂರ್ತಿ ಸೊನ್ನೆಯಾಯಿತು, ಅದರ ಜೊತೆಗೆ ಬೆಟ್ಟದ ನೆರಳೂ ಸೊನ್ನೆಯಾಯಿತು. ಅವಕೆಂಪು ಸೊನ್ನೆಯಾದರೆ ನಿಮ್ಮ ಸೂತ್ರದ ಉತ್ತರ 1 ಆಗದೆ ಇನ್ನೇನಾದೀತು? ಸಂಕೋಚನ ಆರಂಭವಾಗುವ ಮೊದಲೇ ಮಾಹಿತಿ ಹೋಗಿತ್ತು, ಆದ್ದರಿಂದ ಗುಣಮಟ್ಟವನ್ನು 100ಕ್ಕೆ ಏರಿಸಿದರೂ ಅದು ಮರಳಿ ಬರುವುದಿಲ್ಲ. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಜೆಪೆಗ್ ಇರಲಿ, ಅಳತೆಗೆ ಬೇಡ.

ಎಲ್‌ಝಡ್‌ಡಬ್ಲ್ಯೂ ಕಡತ ಉಬ್ಬಿದ್ದಕ್ಕೂ ಕಾರಣವಿದೆ. ಅದು ಮತ್ತೆ ಮತ್ತೆ ಬರುವ ಬೈಟ್‌ಗಳ ಸಾಲನ್ನು ಹುಡುಕುತ್ತದೆ. ನೆಲದ ಪ್ರತಿಫಲನದಲ್ಲಿ ಪಕ್ಕಪಕ್ಕದ ಪಿಕ್ಸೆಲ್‌ಗಳು 1412, 1419, 1407 ಎಂದು ಹತ್ತಿರಹತ್ತಿರವಿದ್ದರೂ ಒಂದೇ ಆಗಿರುವುದಿಲ್ಲ. ಉಳಿಸುವಾಗ ಸಿಗುವ 'ಪ್ರೆಡಿಕ್ಟರ್' ಎಂಬ ಆಯ್ಕೆಯ ಬೆಲೆಯನ್ನು 2 ಎಂದು ಕೊಟ್ಟರೆ ಪೂರ್ಣ ಸಂಖ್ಯೆಗಳ ಬದಲು ನೆರೆಯ ಪಿಕ್ಸೆಲ್‌ನಿಂದಿರುವ ವ್ಯತ್ಯಾಸಗಳು, ಅಂದರೆ 7, -12 ಇಂಥವು, ಸಂಕೋಚನಕ್ಕೆ ಹೋಗುತ್ತವೆ. ಚಿಕ್ಕ ಸಂಖ್ಯೆಗಳು ಚೆನ್ನಾಗಿ ಕುಗ್ಗುತ್ತವೆ, ಒಂದಂಕಿಯೂ ನಷ್ಟವಾಗುವುದಿಲ್ಲ. ಕ್ಯೂಜಿಐಎಸ್‌ನ 'ಹೈ ಕಂಪ್ರೆಶನ್' ಆಯ್ಕೆಯಲ್ಲಿ ಡಿಫ್ಲೇಟ್ ಎಂಬ ಇನ್ನೊಂದು ನಷ್ಟರಹಿತ ವಿಧಾನದ ಜೊತೆಗೆ ಇದು ಸೇರಿಯೇ ಇದೆ. ದಶಮಾಂಶ ಸಂಖ್ಯೆಗಳ ಕಡತವಾದರೆ ಮಾತ್ರ 2ರ ಬದಲು 3 ಬೇಕು.

ಆದರೆ ಇದೆಲ್ಲಕ್ಕಿಂತ ದೊಡ್ಡ ಉಳಿತಾಯ ಕತ್ತರಿಯದು. 10 ಮೀಟರಿನ ಒಂದು ಬ್ಯಾಂಡ್ ಎಂದರೆ 10980×10980 ಪಿಕ್ಸೆಲ್, ಬಿಚ್ಚಿದರೆ ಸುಮಾರು 24 ಕೋಟಿ ಬೈಟ್. ಜಲಾಶಯದ ಸುತ್ತ 30 ಕಿ.ಮೀ. ಚೌಕವನ್ನಷ್ಟೇ ಕತ್ತರಿಸಿಕೊಂಡರೆ 1.8 ಕೋಟಿ. ಹೊಳಲ್ಕೆರೆಯ ಅಡಿಕೆ ತೋಟಗಳನ್ನೆಲ್ಲ ಡಿಸ್ಕಿನಲ್ಲಿ ಹೊತ್ತುಕೊಂಡು ನೀವೇನು ಮಾಡುತ್ತೀರಿ? ಮೂಲ ಕಡತ ಯುರೋಪಿನ ಕೊಪರ್ನಿಕಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಬೇಕಾದಾಗ ಮತ್ತೆ ಇಳಿಸಿಕೊಳ್ಳಬಹುದು. ಸೂಚ್ಯಂಕದ ಚಿತ್ರವನ್ನೂ ಉಳಿಸುವುದಾದರೆ 10000ದಿಂದ ಗುಣಿಸಿ, ಸಮೀಪದ ಪೂರ್ಣಾಂಕಕ್ಕೆ ತಂದು, ಚಿಹ್ನೆಸಹಿತ 16 ಬಿಟ್‌ನಲ್ಲಿ ಇಡಿ. 32 ಬಿಟ್‌ನ ಅರ್ಧ ಜಾಗ ಸಾಕು, ತಪ್ಪು 0.00005ನ್ನು ಮೀರುವುದಿಲ್ಲ.

ಮೂಲವನ್ನು ಅಳಿಸುವ ಮುನ್ನ ಹೊಸದನ್ನು ಮೂಲದಿಂದ, ಪಿಕ್ಸೆಲ್ ಪಿಕ್ಸೆಲ್ ಲೆಕ್ಕಮಾಡುವ ರಾಸ್ಟರ್ ಕ್ಯಾಲ್ಕುಲೇಟರಿನಲ್ಲಿ ಕಳೆಯಿರಿ. ಕತ್ತರಿಸಿದ ಭಾಗದಲ್ಲೆಲ್ಲ ಸೊನ್ನೆ ಬರಬೇಕು.

ವೇದಾವತಿ_ದಡ:
ಕಳೆದು ನೋಡಿದೆ, ಎಲ್ಲೆಡೆ ಸೊನ್ನೆ. ನೆರಳುಗಳೂ ಹೋದವು. ಆದರೆ ಕೋಡಿ ಬಿದ್ದ 2022ರ ಸೆಪ್ಟೆಂಬರ್ ಚಿತ್ರದಲ್ಲಿ ಅಂಚಿನ ಆಳವಿಲ್ಲದ ನೀರು ಎಣಿಕೆಗೆ ಸಿಗುತ್ತಿಲ್ಲ, 2019ರ ಚಿತ್ರದಲ್ಲಿ ಸಿಗುತ್ತಿದೆ. 1933ರ ನಂತರ ಮೊದಲ ಬಾರಿಗೆ ಕೋಡಿ ಹರಿದ ವರ್ಷದಲ್ಲೇ ನೀರು ಕಡಿಮೆ ಕಂಡರೆ ಹೇಗೆ?

ನಕಾಶೆಗಾರ:
ಇದು ಸಂಕೋಚನದ ದೋಷವಲ್ಲ. 2022ರ ಜನವರಿ 25ರಿಂದ ಜಾರಿಗೆ ಬಂದ ಸಂಸ್ಕರಣೆಯಲ್ಲಿ ಪ್ರತಿ ಪಿಕ್ಸೆಲ್‌ಗೂ 1000 ಸೇರಿಸಿ ಕೊಡುತ್ತಾರೆ. ಹಸಿರು 600, ಅವಕೆಂಪು 400 ಇದ್ದರೆ ಸೂಚ್ಯಂಕ 0.2, ಅದೇ ನೀರು 1600, 1400 ಎಂದು ಬಂದರೆ 0.067. ಗಡಿಯನ್ನು 0 ಎಂದು ಇಟ್ಟವರಿಗೆ ವ್ಯತ್ಯಾಸ ಆಗುವುದಿಲ್ಲ, ಏಕೆಂದರೆ ಚಿಹ್ನೆ ಬದಲಾಗದು. ನಿಮ್ಮ ಗಡಿ 0.1 ಆದ್ದರಿಂದ ಅಂಚು ಜಾರಿಹೋಗಿದೆ. ಸೂಚ್ಯಂಕ ಲೆಕ್ಕಹಾಕುವ ಮೊದಲು ಎರಡೂ ಬ್ಯಾಂಡಿನಿಂದ 1000 ಕಳೆಯಿರಿ. ಹಳೆಯ ಚಿತ್ರಗಳನ್ನೂ ಮರುಸಂಸ್ಕರಿಸಿ ಕೊಡುತ್ತಿರುವುದರಿಂದ ತಾರೀಖು ನೋಡಿ ಕಳೆಯಬೇಡಿ, ಚಿತ್ರದ ಜೊತೆಗಿನ ಮೆಟಾಡೇಟಾ (ವಿವರಗಳ) ಕಡತದಲ್ಲಿ ಹೀಗೆ ಸೇರಿಸಿದ್ದರ ಗುರುತಾದ ಆಫ್‌ಸೆಟ್ ಇದೆಯೇ ಎಂದು ನೋಡಿಕೊಂಡು ಕಳೆಯಿರಿ.

ವೇದಾವತಿ_ದಡ:
1000 ಕಳೆದ ಕೂಡಲೇ ಅಂಚು ತನ್ನ ಜಾಗಕ್ಕೆ ಬಂತು. ಇಬ್ಬರಿಗೂ ಧನ್ಯವಾದಗಳು. ರೆಂಡರ್ಡ್ ಮಾಡಿ ಉಳಿಸಿದ್ದ ಹಳೆಯ ಕಡತಗಳನ್ನೆಲ್ಲ ಅಳಿಸಿ, ಮೂಲಗಳನ್ನು ಮತ್ತೆ ಇಳಿಸಿಕೊಳ್ಳುತ್ತಿದ್ದೇನೆ.