ಪದಚರ್ಚೆ: ಕಾಕಂಬಿಯೂ ಉಪೋತ್ಪನ್ನ, ಡಯಾಕ್ಸಿನ್ನೂ ಉಪೋತ್ಪನ್ನವಾ?

ಎಲ್ಲರಿಗೂ ನಮಸ್ಕಾರ. ಒಂದು ಅನುವಾದದ ಕರಡು ತಿದ್ದುತ್ತಾ ಕೂತಿದ್ದೇನೆ. ರಾಸಾಯನಿಕ ಕಾರ್ಖಾನೆಗಳಲ್ಲಿ ವಿಷದ ಬೈಪ್ರಾಡಕ್ಟ್ ಹುಟ್ಟದ ಹಾಗೆ ನೋಡಿಕೊಳ್ಳುವ ಬಗ್ಗೆ ಬರಹ. ತಲೆಬರಹದಲ್ಲೇ 'ವಿಷಕಾರಿ ಉಪೋತ್ಪನ್ನಗಳ ಅಪಕರ್ಷಣ' ಅಂತ ಇತ್ತು! ಇಂಗ್ಲಿಷಿನ 'ರಿಡಕ್ಷನ್'ಗೆ ಎರಡು ಅರ್ಥ. ಅಪಕರ್ಷಣ ಅಂದರೆ ರಸಾಯನಶಾಸ್ತ್ರದ ರಿಡಕ್ಷನ್, ಎಲೆಕ್ಟ್ರಾನ್ ಪಡೆಯುವ ಕ್ರಿಯೆ, ಉತ್ಕರ್ಷಣದ (ಆಕ್ಸಿಡೇಶನ್) ಜೋಡಿ. ಅದನ್ನು ಹೊಡೆದುಹಾಕಿ 'ತಗ್ಗಿಸುವುದು' ಅಂತ ಬರೆದೆ, ಮುಗೀತು.

ತಲೆನೋವು ಇರುವುದು 'ಉಪೋತ್ಪನ್ನ'ದಲ್ಲಿ. ಈ ಪದ ಕೇಳಿದರೆ ನನಗೆ ಸಕ್ಕರೆ ಕಾರ್ಖಾನೆಯ ಕಾಕಂಬಿ ನೆನಪಾಗುತ್ತದೆ, ಅಂದರೆ ಮಾರಿದರೆ ನಾಲ್ಕು ಕಾಸು ಹುಟ್ಟುವಂಥದ್ದು. ಸುಮ್ನೆ 'ತ್ಯಾಜ್ಯ' ಅನ್ನೋಣ ಅಂದರೆ ಪಾತ್ರೆ ತೊಳೆದ ನೀರು, ಬಳಸಿ ಬಿಟ್ಟ ದ್ರಾವಕ ಎಲ್ಲವೂ ತ್ಯಾಜ್ಯವೇ ಅಲ್ವಾ?

ಇನ್ನೊಂದು ತೊಡಕಿದೆ. ಬೇಡದೆ ಹುಟ್ಟುವುದರಲ್ಲೂ ಎರಡು ಬಗೆ. ಮೊದಲನೆಯದು ಬೇಕಾದ ಕ್ರಿಯೆಯ ಸಮೀಕರಣದಲ್ಲೇ ಕೂತಿರುತ್ತದೆ. ಫೋಮ್ ತಯಾರಿಗೆ ಬೇಕಾಗುವ ಪ್ರೊಪಿಲೀನ್ ಆಕ್ಸೈಡನ್ನು, ಕ್ಲೋರಿನ್ ಬಳಸುವ ಹಳೆಯ ಕ್ಲೋರೊಹೈಡ್ರಿನ್ ದಾರಿಯಲ್ಲಿ, ಸುಣ್ಣ ಹಾಕಿ ಮಾಡಿದರೆ, ಒಂದು ಟನ್ ಮಾಲಿಗೆ ಸುಮಾರು 2 ಟನ್ ಕ್ಯಾಲ್ಸಿಯಂ ಕ್ಲೋರೈಡ್ ಎಂಬ ಉಪ್ಪು ಬರುತ್ತದೆ, ಜೊತೆಗೆ ಕ್ಲೋರಿನ್ ಸೇರಿದ ಸಾವಯವ ವಸ್ತುಗಳಿಂದ ಕೆಟ್ಟ ನೀರು ಬೇರೆ. ಎಷ್ಟೇ ಹುಷಾರಾಗಿ ನಡೆಸಿದರೂ ಆ ಉಪ್ಪು ಬಂದೇ ಬರುತ್ತದೆ, ಬೇಡ ಅಂದರೆ ದಾರಿಯನ್ನೇ ಬದಲಿಸಬೇಕು. ಹೈಡ್ರೋಜನ್ ಪೆರಾಕ್ಸೈಡ್ ಬಳಸುವ ದಾರಿಯಲ್ಲಿ ಅದರ ಜಾಗದಲ್ಲಿ ಹುಟ್ಟುವುದು ಬರೀ ನೀರು.

ಎರಡನೆಯದು ಪಕ್ಕದಲ್ಲಿ ಕದ್ದು ನಡೆಯುವ ಕ್ರಿಯೆಯ ಕೂಸು. ಕಳೆನಾಶಕಕ್ಕೆ ಬಳಸುತ್ತಿದ್ದ 2,4,5-ಟ್ರೈಕ್ಲೋರೊಫೀನಾಲ್ ಮಾಡುವಾಗ ಬಿಸಿ ಮಿತಿ ಮೀರಿತೋ, ಟಿಸಿಡಿಡಿ ಎಂಬ ಕಡುವಿಷದ ಡಯಾಕ್ಸಿನ್ ಜಾಸ್ತಿ ಆಗುತ್ತದೆ. 1976ರಲ್ಲಿ ಇಟಲಿಯ ಸೆವೆಸೊದಲ್ಲಿ ಊರ ಮೇಲೆ ಹರಡಿದ್ದು ಇದೇ. ಇಲ್ಲಿ ಬಿಸಿಯನ್ನು ಹತೋಟಿಯಲ್ಲಿಟ್ಟರೆ ಎಷ್ಟೋ ತಗ್ಗುತ್ತದೆ. ಮದ್ದೇ ಬೇರೆ ಆದಮೇಲೆ ಹೆಸರೂ ಬೇರೆ ಬೇಕು ಅನ್ನುವುದು ನನ್ನ ವಾದ.

ಮೊದಲನೆಯದಕ್ಕೆ 'ಒಡಹುಟ್ಟು' ಅಂತ ಇಟ್ಟಿದ್ದೇನೆ. ಎರಡನೆಯದಕ್ಕೆ, 'ಅಡ್ಡಪರಿಣಾಮ' ಹೇಗೂ ಬಳಕೆಯಲ್ಲಿದೆಯಲ್ಲ ಅಂತ, 'ಅಡ್ಡಹುಟ್ಟು' ಅಂದೆ. ಮನೆಯಲ್ಲಿ ಓದಿ ಹೇಳಿದರೆ "ಇದೇನು ಬೈಗುಳವಾ?" ಅಂತ ನಕ್ಕರು. ಅವರ ಮಾತಲ್ಲೂ ನಿಜ ಇದೆ. ಸದ್ಯಕ್ಕೆ 'ಅಡ್ಡ ಉತ್ಪನ್ನ' ಅಂತ ತಿದ್ದಿದ್ದೇನೆ, ಅರ್ಧ ಮನಸ್ಸಿನಿಂದ. 'ಉಪೋತ್ಪನ್ನ'ವನ್ನು ಮಾರುವಂಥದ್ದಕ್ಕೆ ಮಾತ್ರ ಉಳಿಸಿಕೊಂಡರೆ ಹೇಗೆ?

ಪ್ಲಾಂಟಿನಲ್ಲಿ ಕೆಲಸ ಮಾಡುವವರು ಯಾರಾದರೂ ಇದ್ದರೆ ಹೇಳಿ, ಪಾಳಿ ಬದಲಾಗುವಾಗ ನೀವು ನೀವೇ ಇದಕ್ಕೆ ಏನಂತೀರಿ? ಕರಡು ಸೋಮವಾರ ಕೊಡಬೇಕು.